ಎಡಗೈ ಬೆರಳು ಜೋಮು ಹಿಡಿಯುತ್ತೆ, ಸೈಕಲ್ ಬಿಡಬೇಕಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ವಯಸ್ಸು 44. ಬಿಪಿ, ಶುಗರ್ ಇಲ್ಲ. ಹೋದ ದೀಪಾವಳಿಗೆ ಗೇರ್ ಸೈಕಲ್ ತಗೊಂಡೆ. ನಮ್ಮ ಬಡಾವಣೆಯ ಹತ್ತು ಹನ್ನೆರಡು ಜನ ಸೇರಿ ಪ್ರತಿ ಭಾನುವಾರ ಹೊರಡುತ್ತೇವೆ. ಒಮ್ಮೆ ಫರಹತಾಬಾದ್ ಕಡೆ, ಒಮ್ಮೆ ಸೇಡಂ ರಸ್ತೆ, ಉಮೇದು ಜಾಸ್ತಿ ಇದ್ದ ದಿನ ಕಮಲಾಪುರ. ಮೂರು ತಿಂಗಳಿಂದ ಎಡಗೈಯ ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿವೆ. ಮೊದಮೊದಲು ಸೈಕಲ್ ಇಳಿದ ಹತ್ತು ನಿಮಿಷಕ್ಕೆ ಸರಿಹೋಗುತ್ತಿತ್ತು. ಈಗ ಸೋಮವಾರ ಸಂಜೆವರೆಗೂ ಇರುತ್ತೆ. ರೊಟ್ಟಿ ಬಡಿಯುವಾಗ ಕಿರುಬೆರಳಿಗೆ ಹಿಟ್ಟು ತಾಗಿದ್ದೇ ಗೊತ್ತಾಗುವುದಿಲ್ಲ. ಎಡಗೈ ಅಂದರೆ ಹಾರ್ಟ್ ಅಂತ ಮನೆಯಲ್ಲಿ ಹೆದರಿ ಇಸಿಜಿ ಮಾಡಿಸಿದರು, ನಾರ್ಮಲ್ ಬಂತು. ಮೆಡಿಕಲ್ ಶಾಪಿನವರು ನರದ ಗುಳಿಗೆ ಕೊಟ್ಟಿದ್ದಾರೆ, ತಗೊಂಡರೆ ನಿದ್ದೆ ಬರುತ್ತೆ. ಮೊಣಕಾಲಿನ ಮುಂಭಾಗವೂ ನೋಯುತ್ತೆ.

ಇನ್ನೊಂದು ವಿಷಯ. ಏಪ್ರಿಲ್‌ನಲ್ಲಿ ಕಮಲಾಪುರದಿಂದ ವಾಪಸ್ ಬರುವಾಗ ನಮ್ಮ ಗುಂಪಿನ ಹಿರಿಯರೊಬ್ಬರು ಚಹಾ ಅಂಗಡಿ ಹತ್ತಿರ ಸೈಕಲ್ ಇಳಿದು ನಿಂತವರು ಹಾಗೇ ಕುಸಿದರು. ನಾವೆಲ್ಲ ಕಾಕಾ ಅನ್ನುತ್ತೇವೆ, 58 ವಯಸ್ಸು, ಬಿಪಿ ಗುಳಿಗೆ ತಗೋತಾರೆ. ಒಮ್ಮೆ ವಾಂತಿಯಾಯಿತು. ಸಕ್ಕರೆ ಕಮ್ಮಿ ಆಗಿದೆ ಅಂತ ಗ್ಲೂಕೋಸ್ ಪುಡಿ ಕುಡಿಸಿದೆವು. ಕಾಲು ಗಂಟೆಗೆ ಎದ್ದು ಸೈಕಲ್ ಮೇಲೇ ಮನೆಗೆ ಬಂದರು. ಎರಡು ವಾರದ ಹಿಂದೆ ರಿಂಗ್ ರೋಡಿನಲ್ಲಿ ಒಬ್ಬ ಹುಡುಗನ ಮೀನಖಂಡಕ್ಕೆ ನಾಯಿ ಪರಚಿತು, ರಕ್ತ ಬರಲಿಲ್ಲ, ಅರಿಶಿನ ಸುಣ್ಣ ಹಚ್ಚಿಕೊಂಡ. ಇನ್ನೊಬ್ಬರು ಕಡಿ ಮೇಲೆ ಜಾರಿಬಿದ್ದು ಹೆಲ್ಮೆಟ್ ಬಿರುಕು ಬಿಟ್ಟಿದೆ, ಫೆವಿಕ್ವಿಕ್ ಹಾಕಿ ಅದನ್ನೇ ಹಾಕಿಕೊಳ್ಳುತ್ತಾರೆ. ಇದನ್ನೆಲ್ಲ ಕೇಳಿ ನಮ್ಮ ಅತ್ತೆ, "ಈ ವಯಸ್ಸಿಗೆ ಯಾಕ್ ಬೇಕವ್ವಾ ಇದು" ಅನ್ನುತ್ತಿದ್ದಾರೆ. ನನಗೆ ಸೈಕಲ್ ಬಿಡಲು ಮನಸ್ಸಿಲ್ಲ. ಬಿಡಲೇಬೇಕಾ?

ಉತ್ತರ: ಬಿಡಬೇಕಿಲ್ಲ ಮೇಡಂ. ಆದರೆ ನಿಮ್ಮ ಪತ್ರದಲ್ಲಿ ಎರಡು ಥರದ ವಿಷಯ ಕಲೆಸಿಹೋಗಿವೆ. ಕೆಲವು ಅಲನ್ ಕೀ (ಸೈಕಲ್ ಬೋಲ್ಟ್ ತಿರುಗಿಸುವ ಕೀಲಿ) ಹಿಡಿದು ಅರ್ಧ ಗಂಟೆ ಕೂತರೆ ಸರಿಹೋಗುವಂಥವು. ಕೆಲವನ್ನು ಆಸ್ಪತ್ರೆಗೇ ಒಯ್ಯಬೇಕು, ಚಹಾ ಅಂಗಡಿ ಮುಂದೆ ಚರ್ಚೆ ಮಾಡಿ ಮುಗಿಸುವಂತಿಲ್ಲ. ನಿಮ್ಮ ಗುಂಪು ಇದನ್ನು ಉಲ್ಟಾ ಮಾಡುತ್ತಿದೆ. ಬೆರಳಿಗೆ ಇಸಿಜಿ ಆಯಿತು, ನಾಯಿ ಪರಚಿದ್ದಕ್ಕೆ ಅರಿಶಿನ ಆಯಿತು.

ಹಾಗಾಗಿ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದ ಆ ಹುಡುಗನಿಂದಲೇ ಶುರು ಮಾಡುತ್ತೇನೆ. ಇದನ್ನು ಓದಿದ ಕೂಡಲೇ ಅವನಿಗೆ ಫೋನ್ ಮಾಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತೆ.

ರಕ್ತ ಬಂದರೆ ಮಾತ್ರ ಇಂಜೆಕ್ಷನ್ ಅನ್ನುವುದು ತಪ್ಪು ತಿಳಿವಳಿಕೆ. ರಕ್ತ ಬರದೆ ಚರ್ಮ ತರಚಿದ್ದರೂ ರೇಬೀಸ್ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆ ಜೊತೆಗೆ ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್ ಕೂಡ ಬೇಕು. ಪ್ಯಾಂಟ್ ಮೇಲಿಂದ ಪರಚಿತು, ಬಟ್ಟೆ ಹರಿದಿಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಬಟ್ಟೆ ಬಿಡಿ, ಒಳಗಿನ ಚರ್ಮ ನೋಡಿ. ನಾಯಿ ತನ್ನ ಕಾಲನ್ನು ತಾನೇ ನೆಕ್ಕುತ್ತಿರುತ್ತೆ, ಹಾಗಾಗಿ ಉಗುರಲ್ಲೂ ಜೊಲ್ಲು ಇರಬಹುದು. ಅರಿಶಿನ, ಸುಣ್ಣ, ಖಾರದ ಪುಡಿ, ಯಾವುದೂ ಈ ವೈರಸ್ಸನ್ನು ತಡೆಯೋದಿಲ್ಲ. ಗಾಯ ಕೆರಳುತ್ತೆ ಅಷ್ಟೆ. ಪರಚಿದ ತಕ್ಷಣ ಮಾಡಬೇಕಾದ್ದು ಒಂದೇ. ನಲ್ಲಿ ಕೆಳಗೆ ಕಾಲಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಹದಿನೈದು ನಿಮಿಷ ಬಹಳ ಉದ್ದ ಅನಿಸುತ್ತೆ, ಗಡಿಯಾರ ನೋಡಿಕೊಂಡೇ ತೊಳೆಯಿರಿ.

ಎರಡು ವಾರ ಆಗಿಹೋಯಿತಲ್ಲ, ಇನ್ನೇನು ಪ್ರಯೋಜನ ಅನ್ನಬೇಡಿ. ರೇಬೀಸ್ ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತೆ, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ವರ್ಷ. ಲಕ್ಷಣ ಶುರುವಾದ ಮೇಲೆ ನಮ್ಮ ಕೈಯಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ಆದ್ದರಿಂದ ತಡವಾಗಿ ಬಂದವರಿಗೂ ಅದೇ ದಿನ ಕಚ್ಚಿದೆ ಅನ್ನುವಂತೆಯೇ ಲಸಿಕೆ ಶುರು ಮಾಡುತ್ತೇವೆ. ಪರಚಿದ್ದು ಇದೇ ನಾಯಿ ಅಂತ ಖಾತ್ರಿ ಇದ್ದು, ಅದು ಇವತ್ತಿಗೂ ಅಲ್ಲೇ ಆರೋಗ್ಯವಾಗಿ ಓಡಾಡಿಕೊಂಡಿದ್ದರೆ ದೊಡ್ಡ ಸಮಾಧಾನದ ಸಂಗತಿ. ಯಾಕಂದರೆ ಪರಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಹತ್ತು ದಿನದೊಳಗೆ ಅದು ಕಾಯಿಲೆ ಬೀಳಬೇಕಿತ್ತು. ಆದರೆ ನಸುಕಿನಲ್ಲಿ ಆರು ನಾಯಿ ಒಟ್ಟಿಗೆ ಬೆನ್ನಟ್ಟಿದಾಗ ಪರಚಿದ್ದು ಯಾವುದು ಅಂತ ಯಾರು ನೋಡಿರುತ್ತಾರೆ? ಹೋಗಿ ತೋರಿಸುವುದೇ ಸರಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಪುಕ್ಕಟೆ ಸಿಗುತ್ತೆ. ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಭಯ ಹಳೇ ಕಾಲದ್ದು, ಆ ಲಸಿಕೆಯನ್ನೇ ಎಂದೋ ನಿಲ್ಲಿಸಿದ್ದಾರೆ. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರುತ್ತೆ. ಎರಡು ಡೋಸ್ ತಗೊಂಡು ಆರಾಮ ಇದ್ದೀನಿ ಅಂತ ಬಿಡುವವರೇ ಜಾಸ್ತಿ, ಹಾಗೆ ಬಿಡಲು ಕೊಡಬೇಡಿ.

ನಾಯಿ ಬೆನ್ನಟ್ಟಿದಾಗ ಏನು ಮಾಡೋದು ಅಂತ ಸೈಕಲ್‌ನವರೆಲ್ಲ ಕೇಳುತ್ತಾರೆ. ಜೋರಾಗಿ ತುಳಿದು ಪಾರಾಗೋಣ ಅನಿಸುತ್ತೆ, ಆದರೆ ಓಡುವುದನ್ನು ಅಟ್ಟುವುದೇ ಅದಕ್ಕೆ ಆಟ. ಕಾಲೆತ್ತಿ ಒದೆಯಲು ಹೋದರೆ ನಾಯಿಗೆ ಏನೂ ಆಗೋದಿಲ್ಲ, ಬೀಳೋದು ನೀವೇ. ವೇಗ ಇಳಿಸಿ, ನಿಲ್ಲಿಸಿ, ಇಳಿದು ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಹಿಡಿಯಿರಿ. ಜೋರು ದನಿಯಲ್ಲಿ "ಹಚ್ಚಾ" ಅನ್ನಿ. ಹತ್ತರಲ್ಲಿ ಒಂಬತ್ತು ಸಲ ಅದರ ಆಸಕ್ತಿ ಅಲ್ಲಿಗೇ ಮುಗಿಯುತ್ತೆ. ನಸುಕಿನಲ್ಲಿ ಹೊರಡುವ ಗುಂಪಿನವರು ಮುಂಚೆಯೇ ಲಸಿಕೆ ತಗೊಂಡಿಟ್ಟುಕೊಳ್ಳುವ ದಾರಿಯೂ ಇದೆ. ಆಮೇಲೆ ನಾಯಿ ಕಚ್ಚಿದರೆ ಎರಡೇ ಡೋಸ್ ಸಾಕು, ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದಿಲ್ಲ. ಗಾಯ ತೊಳೆಯೋದು ಮಾತ್ರ ಆಗಲೂ ತಪ್ಪುವುದಿಲ್ಲ.

ಈಗ ನಿಮ್ಮ ಬೆರಳು.

ಎಡಗೈ ಅಂದ ಕೂಡಲೇ ಹಾರ್ಟ್ ಅಂತ ಹೆದರುವುದು ಸಹಜ. ಇಸಿಜಿ ಮಾಡಿಸಿದ್ದೂ ತಪ್ಪಲ್ಲ. ಆದರೆ ಹೃದಯದ ನೋವು ಹೀಗೆ ಎರಡೇ ಬೆರಳನ್ನು ಆರಿಸಿಕೊಂಡು, ಹ್ಯಾಂಡಲ್ ಹಿಡಿದಾಗ ಶುರುವಾಗಿ, ಮರುದಿನ ರೊಟ್ಟಿ ಬಡಿಯುವಾಗಲೂ ಜೋಮಾಗಿ ಕೂತಿರೋದಿಲ್ಲ. ಅದು ಎದೆಯಲ್ಲಿ ಭಾರ, ಬಿಗಿತ, ಉಬ್ಬಸ, ಬೆವರು ಇವುಗಳ ಜೊತೆ ಬರುತ್ತೆ. ಹೆಚ್ಚಾಗಿ ಶ್ರಮ ಪಟ್ಟಾಗ ಬಂದು ನಿಂತಾಗ ಇಳಿಯುತ್ತೆ. ನಿಮ್ಮದು ಆ ಥರ ಕಾಣುವುದಿಲ್ಲ.

ಉಂಗುರ ಬೆರಳಿನ ಅರ್ಧ ಮತ್ತು ಕಿರುಬೆರಳಿನ ಸ್ಪರ್ಶಜ್ಞಾನ ನೋಡಿಕೊಳ್ಳುವುದು ಅಲ್ನಾರ್ ಅನ್ನುವ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನ ತನಕ ಝುಂ ಅನ್ನುತ್ತಲ್ಲ, ಅದೇ ನರ. ಮೊಣಕೈಯಿಂದ ಇಳಿದು ಬಂದು, ಅಂಗೈಯ ಬುಡದಲ್ಲಿ ಕಿರುಬೆರಳಿನ ಬದಿಗೆ ಸಣ್ಣ ಸಂದಿಯೊಂದನ್ನು ದಾಟಿ ಬೆರಳಿಗೆ ಹೋಗುತ್ತೆ. ಅಂಗೈ ಬುಡದ ಹೊರಅಂಚನ್ನು ಒತ್ತಿ ನೋಡಿ, ಬಟಾಣಿಯಷ್ಟು ಒಂದು ಮೂಳೆ ಸಿಗುತ್ತೆ. ಆ ಮೂಳೆಯ ಪಕ್ಕದಲ್ಲೇ ಇದೆ ಸಂದಿ. ನೇರ ಹ್ಯಾಂಡಲಿನ ಸೈಕಲ್ ಹಿಡಿದಾಗ ನಿಮ್ಮ ಮೈಭಾರ ಬೀಳುವುದು ಸರಿಯಾಗಿ ಅದರ ಮೇಲೇ. ಹೊಲಕ್ಕೆ ನೀರು ಬಿಟ್ಟ ಪೈಪಿನ ಮೇಲೆ ಎತ್ತು ಕಾಲಿಟ್ಟು ನಿಂತರೆ ಹೇಗೋ ಹಾಗೆ. ಕಾಲು ತೆಗೆದರೆ ನೀರು ಬರುತ್ತೆ, ಆದರೆ ದಿನಾ ಅಲ್ಲೇ ನಿಂತರೆ ಪೈಪೇ ಹಾಳಾಗುತ್ತೆ. ಸೈಕಲ್ ಹೊಡೆಯುವವರಲ್ಲಿ ಇದು ಎಷ್ಟು ಮಾಮೂಲಿ ಅಂದರೆ, ಹ್ಯಾಂಡಲ್ ಹೆಸರು ಹಿಡಿದೇ ವೈದ್ಯರು ಇದನ್ನು ಕರೆಯುತ್ತಾರೆ. ಎಡಗೈಗೇ ಯಾಕೆ ಅಂತ ಕೇಳಿದರೆ, ಬಲಗೈ ಗೇರು ಬದಲಿಸುತ್ತೆ, ಬಾಟಲಿಗೆ ಹೋಗುತ್ತೆ, ಆಟೋದವನಿಗೆ ಸನ್ನೆ ಮಾಡುತ್ತೆ. ಎಡಗೈ ಪಾಪ ಒಂದೇ ಕಡೆ ಒತ್ತಿಕೊಂಡು ಕೂತಿರುತ್ತೆ.

ಒತ್ತಡ ಅಂಗೈ ಬುಡದಲ್ಲೇ ಇದೆಯಾ, ಇಲ್ಲಾ ಮೇಲೆಲ್ಲೋ ಇದೆಯಾ ಅಂತ ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಕಣ್ಣು ಮುಚ್ಚಿ ಹತ್ತಿಯಿಂದ ಅಂಗೈಯ ಹಿಂಭಾಗ, ಕಿರುಬೆರಳಿನ ಕೆಳಗಿನ ಜಾಗ ಸವರಿಸಿಕೊಳ್ಳಿ. ಅಲ್ಲಿ ಚೆನ್ನಾಗಿ ಗೊತ್ತಾಗಿ, ಬರೀ ಅಂಗೈ ಬದಿಯ ಬೆರಳು ಮಾತ್ರ ಜೋಮಿದ್ದರೆ ತೊಂದರೆ ಮಣಿಕಟ್ಟಿನ ಹತ್ತಿರ, ಅಂದರೆ ಹ್ಯಾಂಡಲ್ಲೇ ಕಾರಣ ಇರಬಹುದು. ಕೈಯ ಹಿಂಭಾಗವೂ ಮಂದ ಇದ್ದರೆ ನರ ಒತ್ತುತ್ತಿರೋದು ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಇರಬಹುದು, ಆಗ ಸೈಕಲ್ ಮೇಲಷ್ಟೇ ಗೂಬೆ ಕೂರಿಸುವಂತಿಲ್ಲ. ಎರಡೂ ಕೈ, ಜೊತೆಗೆ ಎರಡೂ ಪಾದ ಜೋಮು ಅಂದರೆ ಶುಗರ್ ಮತ್ತು ಬಿ-12 ವಿಟಮಿನ್ ನೋಡಿಸಬೇಕು. ಅಪ್ಪಟ ಸಸ್ಯಾಹಾರಿಗಳಲ್ಲಿ, ಮತ್ತು ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ-12 ಕಮ್ಮಿ ಇರುವುದು ಅಪರೂಪ ಅಲ್ಲ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಒಂದು ಹಾಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ, ಬೀಗದ ಕೈ ಹಿಡಿದ ಹಾಗೆ ಹಿಡಿಯಿರಿ. ಇನ್ನೊಬ್ಬರು ಅದನ್ನು ಎಳೆಯಲಿ. ಎಡಗೈಯಿಂದ ಹಾಳೆ ಸುಲಭವಾಗಿ ಜಾರಿಹೋದರೆ, ಅಥವಾ ಅದನ್ನು ಉಳಿಸಿಕೊಳ್ಳಲು ಹೆಬ್ಬೆರಳಿನ ತುದಿ ತಾನಾಗೇ ಮಡಚಿಕೊಂಡರೆ, ನರದ ತೊಂದರೆ ಜೋಮು ದಾಟಿ ಶಕ್ತಿಗೆ ಬಂದಿದೆ ಅಂತ ಅರ್ಥ. ಹೆಬ್ಬೆರಳು ತೋರುಬೆರಳಿನ ಮಧ್ಯದ ಮಾಂಸ ಕೈಯ ಹಿಂಬದಿಯಲ್ಲಿ ಗುಳಿ ಬಿದ್ದಿದೆಯಾ ಅಂತಲೂ ಎರಡು ಕೈ ಪಕ್ಕಪಕ್ಕ ಇಟ್ಟು ನೋಡಿ. ಇವೆರಡರಲ್ಲಿ ಒಂದು ಇದ್ದರೂ ಸೈಕಲ್ ನಿಲ್ಲಿಸಿ ಈ ವಾರವೇ ನರತಜ್ಞರನ್ನೋ ಮೂಳೆ ವೈದ್ಯರನ್ನೋ ಕಾಣಿ. ಇಲ್ಲದಿದ್ದರೆ ಸಮಯ ಇದೆ.

ಮೆಡಿಕಲ್ ಶಾಪಿನ ಗುಳಿಗೆ ಬಿಟ್ಟುಬಿಡಿ ಅಂತ ಇಲ್ಲಿಂದ ಹೇಳಲಾರೆ, ಯಾವ ಗುಳಿಗೆ ಅಂತ ನೀವು ಬರೆದಿಲ್ಲ. ನರನೋವಿಗೆ ಕೊಡುವ ಕೆಲವು ಗುಳಿಗೆ ತಲೆ ತೂಗುವಂತೆ ಮಾಡುತ್ತವೆ, ಕೆಲವನ್ನು ಬಹಳ ದಿನ ತಗೊಂಡಿದ್ದರೆ ಥಟ್ಟನೆ ನಿಲ್ಲಿಸಲೂ ಬಾರದು. ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಅಲ್ಲಿತನಕ ನಿದ್ದೆ ಬರಿಸುವ ಗುಳಿಗೆ ನುಂಗಿ ಹುಮನಾಬಾದ್ ರಸ್ತೆಯ ಲಾರಿಗಳ ನಡುವೆ ಸೈಕಲ್ ಹೊಡೆಯಬೇಡಿ. ಮತ್ತೆ, ಒತ್ತುವ ಕಡೆ ಒತ್ತುತ್ತಲೇ ಇದ್ದರೆ ಯಾವ ಗುಳಿಗೆಯೂ ನರವನ್ನು ರಿಪೇರಿ ಮಾಡೋದಿಲ್ಲ.

ಹಾಗಾದರೆ ಒತ್ತಡ ಇಳಿಸೋದು ಹೇಗೆ? ಎಲ್ಲರೂ ಮೊದಲು ಜೆಲ್ ಗ್ಲೌಸ್ ಕೊಳ್ಳುತ್ತಾರೆ. ಅದು ತಪ್ಪಲ್ಲ, ಆದರೆ ಕೊನೆಗೆ ಮಾಡುವ ಕೆಲಸ. ದಪ್ಪ ಜೆಲ್ ಇರುವ ಬಿಗಿ ಗ್ಲೌಸ್ ಅದೇ ಜಾಗವನ್ನು ಇನ್ನಷ್ಟು ಒತ್ತಿದ್ದನ್ನೂ ನೋಡಿದ್ದೇನೆ. ನೋಡಬೇಕಾದ್ದು ಸೀಟು. ಗಾರೆ ಕೆಲಸದವರ ಲೆವೆಲ್ ಪಟ್ಟಿ ಸಿಕ್ಕರೆ ಸೀಟಿನ ಮೇಲೆ ಉದ್ದಕ್ಕೆ ಇಡಿ. ಮೂತಿ ಕೆಳಗೆ ಬಾಗಿದ್ದರೆ ನೀವು ಇಡೀ ದಾರಿ ಮುಂದಕ್ಕೆ ಜಾರುತ್ತಾ, ಆ ಜಾರುವಿಕೆಯನ್ನು ಕೈಯಿಂದ ತಡೆಯುತ್ತಾ ಕೂತಿರುತ್ತೀರಿ. ಹೆಣ್ಣುಮಕ್ಕಳು ಮೂತಿ ಒತ್ತುತ್ತೆ ಅಂತ ಅದನ್ನು ಬಾಗಿಸಿಕೊಳ್ಳುವುದು ಬಹಳ. ಬೈಕ್ ಅಂಗಡಿಯಲ್ಲಿ ಕೂರಿಸಿಕೊಟ್ಟಿದ್ದು ಗಂಡಸರ ಉದ್ದನೆ ಕಿರಿದಾದ ಸೀಟಾಗಿದ್ದರೆ ಒತ್ತೋದು ಸಹಜ. ಅದಕ್ಕೆ ಮದ್ದು ಸ್ವಲ್ಪ ಅಗಲದ, ಮಧ್ಯೆ ಸೀಳಿರುವ ಸೀಟು, ಬಾಗಿಸೋದಲ್ಲ.

ಆಮೇಲೆ ಎತ್ತರ. ಇಲ್ಲಿಗೇ ನಿಮ್ಮ ಮೊಣಕಾಲೂ ಬರುತ್ತೆ. ಮೊಣಕಾಲಿನ ಮುಂಭಾಗದ ನೋವಿಗೆ ನಾನು ಕಂಡಂತೆ ಮೊದಲ ಅನುಮಾನ ತಗ್ಗಿನಲ್ಲಿರುವ ಸೀಟು, ಎರಡನೆಯದು ಭಾರವಾದ ಗೇರು. ಗೋಡೆ ಹಿಡಿದು ಸೈಕಲ್ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತನ್ನಿ. ಕಾಲು ಪೂರಾ ನೇರ ಆಗಬೇಕು, ಸೊಂಟ ಆ ಕಡೆ ಈ ಕಡೆ ವಾಲಬಾರದು. ಮುಂಗಾಲಿನಿಂದ ತುಳಿಯುವಾಗ ಆಗ ಮೊಣಕಾಲು ತಾನಾಗೇ ಸ್ವಲ್ಪ ಮಡಚಿರುತ್ತೆ, ಅಷ್ಟು ಸಾಕು. ಜಾಸ್ತಿ ಎತ್ತರಿಸಿದರೆ ನೋವು ಮೊಣಕಾಲಿನ ಹಿಂಭಾಗಕ್ಕೆ ಹೋಗುತ್ತೆ. ಗೇರು ಹಗುರ ಇಟ್ಟು ನಿಮಿಷಕ್ಕೆ 80 ಸುತ್ತಿನ ಆಸುಪಾಸು ತಿರುಗಿಸಿ. ಭಾರ ಗೇರಿನಲ್ಲಿ ನಿಧಾನಕ್ಕೆ ತುಳಿದರೆ ಗಟ್ಟಿಗರು ಅಂತ ಗುಂಪಿನಲ್ಲಿ ಯಾರೋ ಹೇಳಿಯೇ ಇರುತ್ತಾರೆ. ಅವರ ಮಾತು ಕೇಳಬೇಡಿ.

ಆದರೆ ಇಲ್ಲೊಂದು ಪೇಚು ಇದೆ. ಮೊಣಕಾಲಿಗಂತ ಸೀಟು ಎತ್ತರಿಸಿದಿರಿ ಅಂದ್ಕೊಳ್ಳಿ. ಈಗ ಹ್ಯಾಂಡಲ್ ಅದಕ್ಕಿಂತ ತಗ್ಗಾಯಿತು, ಮೈ ಇನ್ನಷ್ಟು ಮುಂದೆ ಬಾಗಿತು, ಅಂಗೈ ಮೇಲೆ ಭಾರ ಇನ್ನೂ ಹೆಚ್ಚಾಯಿತು. ಮೊಣಕಾಲು ವಾಸಿಯಾಗಿ ಬೆರಳು ಹದಗೆಟ್ಟ ಕೇಸುಗಳು ಹೀಗೇ ಆಗೋದು. ಹಾಗಾಗಿ ಸೀಟು ಎತ್ತರಿಸಿದಷ್ಟೇ ಹ್ಯಾಂಡಲ್ಲನ್ನೂ ಎತ್ತರಿಸಬೇಕು. ನೇರ ಹ್ಯಾಂಡಲಿನ ಸೈಕಲ್‌ಗಳಲ್ಲಿ ಸ್ಟೆಮ್, ಅಂದರೆ ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ತುಂಡಿನ ಮೇಲೆ ರಿಂಗುಗಳಿದ್ದರೆ ಅವನ್ನು ಸ್ಟೆಮ್ ಕೆಳಗೆ ಹಾಕಿಸಬಹುದು, ಇಲ್ಲಾ ಸ್ಟೆಮ್ಮನ್ನೇ ತಿರುಗಿಸಿ ಮೇಲ್ಮುಖ ಮಾಡಬಹುದು. ಸ್ಟೆಮ್ ಕೆಲಸ ಮಾತ್ರ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಬೋಲ್ಟ್ ಸಡಿಲ ಉಳಿದರೆ ನಡುರಸ್ತೆಯಲ್ಲಿ ಹ್ಯಾಂಡಲ್ ತಿರುಗಿಕೊಳ್ಳುತ್ತೆ. ಸೀಟಿನ ಕಂಬದ ಮೇಲೆ ಕನಿಷ್ಠ ಮಿತಿಯ ಗೆರೆ ಇರುತ್ತೆ, ಅದು ಹೊರಗೆ ಕಾಣುವಷ್ಟು ಎಳೆಯಬೇಡಿ. ಮೊದಲಿನ ಜಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಇಟ್ಟುಕೊಳ್ಳಿ. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್, ಒಂದು ಭಾನುವಾರಕ್ಕೆ ಒಂದೇ ಬದಲಾವಣೆ. ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ವಾಸಿಯಾಯಿತು, ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗೋದಿಲ್ಲ.

ಟೈರಿನ ಗಾಳಿಯೂ ಒಂದು ಕಾರಣ. ಕಲ್ಲಿನಂತೆ ಗಾಳಿ ತುಂಬಿಸಿಕೊಂಡರೆ ತೇಪೆ ರಸ್ತೆಯ ಅಷ್ಟೂ ನಡುಕ ಅಂಗೈಗೆ ಬರುತ್ತೆ. ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎರಡೂ ಬರೆದಿರುತ್ತಾರೆ. ಗರಿಷ್ಠಕ್ಕೇ ಹೋಗಬೇಕಿಲ್ಲ, ಮಧ್ಯದ ಹತ್ತಿರ ಇರಲಿ. ಗಾಳಿ ಕಮ್ಮಿ ಇಟ್ಟರೆ ಜಾಲಿ ಮುಳ್ಳು ಬೇಗ ಚುಚ್ಚುತ್ತೆ ಅಂತ ಗುಂಪಿನಲ್ಲಿ ತಕರಾರು ಬರಬಹುದು. ಜಾಲಿ ಮುಳ್ಳಿಗೆ, ನೆಗ್ಗಿಲ ಮುಳ್ಳಿಗೆ ಗಾಳಿ ಎಷ್ಟಿದ್ದರೂ ಒಂದೇ. ಒಂದೇ ಟ್ಯೂಬು ಮತ್ತೆ ಮತ್ತೆ ಪಂಕ್ಚರ್ ಆಗೋದು ಮುರಿದ ಮುಳ್ಳಿನ ತುದಿ ಟೈರಿನಲ್ಲೇ ಉಳಿದಿರೋದರಿಂದ. ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಸವರಿ ನೋಡಿ, ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿದೆ ಮುಳ್ಳು. ಇದು ಡಾಕ್ಟರ್ ಹೇಳುವ ಮಾತಲ್ಲ, ಬಿಡಿ.

ಸೈಕಲ್ ಮೇಲೆ ಕೂತಾಗ ಮಣಿಕಟ್ಟು ಹಿಂದಕ್ಕೆ ಮಡಚಿರಬಾರದು, ಮುಂಗೈ ನೇರ ಗೆರೆಯಲ್ಲಿರಲಿ. ಮೊಣಕೈ ಸ್ವಲ್ಪ ಸಡಿಲ ಇರಲಿ. ಐದು ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ, ಕೈ ಕೊಡವಿ. ನೇರ ಹ್ಯಾಂಡಲಿನಲ್ಲಿ ಹಿಡಿಯಲು ಬೇರೆ ಜಾಗವೇ ಇಲ್ಲ ಅನ್ನುವುದು ನಿಜ. ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿದರೆ ಅಂಗೈ ಒಳಮುಖವಾಗಿ ನಿಲ್ಲುತ್ತೆ, ಬಹಳ ಜನರಿಗೆ ಇದರಿಂದಲೇ ಆರಾಮ ಸಿಕ್ಕಿದೆ. ಅಲ್ಲಿ ಕೈಯಿಟ್ಟಾಗ ಬ್ರೇಕ್ ದೂರ ಆಗುತ್ತೆ, ಊರೊಳಗೆ ಮಾತ್ರ ಅಲ್ಲಿ ಹಿಡಿಯಬೇಡಿ.

ಹೆಲ್ಮೆಟ್ ಬಗ್ಗೆ ಎರಡೇ ಮಾತು. ಒಳಗಿನ ಥರ್ಮಕೋಲ್ ಒಂದು ಸಲ ಜಜ್ಜಿಹೋಗಿ ತಲೆ ಉಳಿಸುವುದಕ್ಕೇ ಇರುವುದು, ಅದು ಜಜ್ಜಿ ಆಗಿದೆ, ಫೆವಿಕ್ವಿಕ್‌ನಿಂದ ಮತ್ತೆ ಉಬ್ಬೋದಿಲ್ಲ. ಹೊಸದು ಕೊಡಿಸಿ.

ಇನ್ನು ಕಾಕಾ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಅಸಮಾಧಾನ ಆಗಿದ್ದು ಅವರು ಕುಸಿದಿದ್ದಕ್ಕಲ್ಲ, ಕಾಲು ಗಂಟೆಯಲ್ಲಿ ಎದ್ದು ಅದೇ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದದ್ದಕ್ಕೆ.

ಸಕ್ಕರೆ ಕಮ್ಮಿ ಆಯಿತು ಅನ್ನುವುದು ನಮ್ಮ ಕಡೆ ಎಲ್ಲ ತಲೆಸುತ್ತಿಗೂ ಸಿಗುವ ಉತ್ತರ. ಶುಗರ್ ಗುಳಿಗೆಯನ್ನೋ ಇನ್ಸುಲಿನ್ನನ್ನೋ ತಗೊಳ್ಳದವರಿಗೆ ಸೈಕಲ್ ಹೊಡೆದು ಸಕ್ಕರೆ ಅಷ್ಟು ಇಳಿಯುವುದು ಅಪರೂಪ. ಅವರಿಗೆ ಹೆಚ್ಚಾಗಿ ಆಗಿರಬಹುದಾದ್ದು ಇದು. ಪೆಡಲ್ ತುಳಿಯುವಾಗ ಕಾಲಿನ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತೆ. ಬಿಸಿಲಿಗೆ ಚರ್ಮದ ರಕ್ತನಾಳಗಳು ಅಗಲ ಆಗಿರುತ್ತವೆ, ಬೆವರಿ ನೀರು ಖಾಲಿಯಾಗಿರುತ್ತೆ. ಥಟ್ಟನೆ ಇಳಿದು ನಿಂತರೆ ಕಾಲು ತಳ್ಳೋದನ್ನು ನಿಲ್ಲಿಸುತ್ತೆ, ರಕ್ತ ಕೆಳಗೇ ಉಳಿಯುತ್ತೆ, ಬಿಪಿ ಕುಸಿದು ಕಣ್ಣು ಕತ್ತಲಾಗುತ್ತೆ. ಅದರ ಮೇಲೆ ಬಿಪಿ ಗುಳಿಗೆ. ಕೆಲವು ಬಿಪಿ ಗುಳಿಗೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿರುತ್ತೆ. ಪಟ್ಟಿಯ ಹಿಂದೆ ಹೈಡ್ರೋಕ್ಲೋರೋಥಿಯಾಜೈಡ್ ಅಥವಾ ಕ್ಲೋರ್‌ಥ್ಯಾಲಿಡೋನ್ ಅಂತ ಇದೆಯಾ ನೋಡಲಿ. ಇದ್ದರೆ ಬೇಸಿಗೆಯಲ್ಲಿ ನೀರು, ಉಪ್ಪು ಎರಡೂ ಇನ್ನೂ ಬೇಗ ಖಾಲಿಯಾಗುತ್ತವೆ. ತಾವಾಗೇ ಗುಳಿಗೆ ನಿಲ್ಲಿಸಬಾರದು, ಹಾಗೆ ಮಾಡಿದರೆ ಇನ್ನೊಂದು ಅನಾಹುತ. ಬರೆದುಕೊಟ್ಟ ಡಾಕ್ಟರಿಗೆ "ಭಾನುವಾರ ಎಪ್ಪತ್ತು ಕಿಲೋಮೀಟರ್ ಸೈಕಲ್ ಹೊಡೀತೀನಿ, ಹೋದ ತಿಂಗಳು ಬಿದ್ದೆ" ಅಂತ ಹೇಳಬೇಕು. ಬಹಳ ಜನ ಅದನ್ನು ಹೇಳೋದೇ ಇಲ್ಲ. 58ರ ವಯಸ್ಸಿನಲ್ಲಿ ಮೊದಲ ಸಲ ಹೀಗಾಗಿದ್ದಕ್ಕೆ ಇಸಿಜಿ ಬೇಕಾಗಿರೋದು ನಿಮಗಲ್ಲ, ಅವರಿಗೆ. ಇಳಿದು ನಿಂತಾಗ ಬೀಳುವುದಕ್ಕಿಂತ ತುಳಿಯುತ್ತಿರುವಾಗಲೇ ಬೀಳುವುದು ಹೆಚ್ಚು ಗಂಭೀರ, ಅದು ಹೃದಯದ ಕಡೆ ಬೊಟ್ಟು ಮಾಡುತ್ತೆ. ಹಾಗೇನಾದರೂ ಆದರೆ ಅದೇ ದಿನ ಆಸ್ಪತ್ರೆ.

ಯಾರಾದರೂ ಹೀಗೆ ಕುಸಿದರೆ ಮೊದಲು ಮಾತಾಡಿಸಿ. ಇವತ್ತು ಯಾವ ವಾರ, ಎಲ್ಲಿದ್ದೀವಿ ಅಂತ ಕೇಳಿ. ಸರಿಯಾಗಿ ಉತ್ತರ ಕೊಟ್ಟರೆ ನೆರಳಲ್ಲಿ ಮಲಗಿಸಿ ಕಾಲನ್ನು ಎತ್ತರದಲ್ಲಿಡಿ, ಸ್ವಲ್ಪ ಸ್ವಲ್ಪ ಕುಡಿಸಿ. ತೊದಲಿದರೆ, ಏನೇನೋ ಮಾತಾಡಿದರೆ, ಜಗಳಕ್ಕೆ ಬಂದರೆ, ಮೈ ಕಾದಿದ್ದರೆ ಅದು ಬಿಸಿಲಿನ ಹೊಡೆತ, ಹೀಟ್ ಸ್ಟ್ರೋಕ್. ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿಗೆ ತಟ್ಟಿದೆ ಅಂತ ಅರ್ಥ. ಬೆವರು ನಿಂತುಹೋಗಿರಬೇಕು ಅಂತ ಕಾಯಬೇಡಿ, ಶ್ರಮಪಟ್ಟು ಬಂದ ಹೀಟ್ ಸ್ಟ್ರೋಕಿನಲ್ಲಿ ಮೈ ಒದ್ದೆಯೇ ಇರಬಹುದು. 108ಕ್ಕೆ ಒಬ್ಬರು ಫೋನ್ ಮಾಡಲಿ, ಉಳಿದವರು ಆಗಲೇ ತಣ್ಣಗೆ ಮಾಡಲು ಶುರು ಮಾಡಲಿ. ಆಂಬುಲೆನ್ಸ್ ಬರಲಿ ಅಂತ ಕೂರುವ ಹಾಗಿಲ್ಲ. ಹೊಲದ ಪಂಪ್‌ಸೆಟ್, ಹೋಟೆಲಿನ ಡ್ರಮ್ಮು, ಎಲ್ಲಿ ನೀರು ಸಿಗುತ್ತೋ ಅಲ್ಲಿಂದ ತಂದು ಮೈತುಂಬ ಸುರಿಯುತ್ತಲೇ ಇರಬೇಕು, ಟವೆಲ್‌ನಿಂದ ಬೀಸಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ಕೊಳವೆಗೆ ಹೋಗುತ್ತೆ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡೋದಿಲ್ಲ. ಬರೀ ತಲೆಸುತ್ತಿ ಕುಸಿದವರು ಸುಧಾರಿಸಿಕೊಂಡರೂ ಅವತ್ತು ಸೈಕಲ್ ಮುಟ್ಟುವ ಹಾಗಿಲ್ಲ. ಆಟೋ, ಟಂಟಂ, ಯಾವುದಾದರೂ ಹಿಡಿದು ಕಳಿಸಿ. ಮರುದಿನ ಮೂತ್ರ ಚಹಾದ ಬಣ್ಣಕ್ಕೆ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಗ್ಲೂಕೋಸ್ ಪುಡಿಯಲ್ಲಿ ಇರೋದು ಮುಖ್ಯವಾಗಿ ಸಕ್ಕರೆ, ಬೆವರಿನಲ್ಲಿ ಹೋಗಿದ್ದು ಉಪ್ಪು ಮತ್ತು ನೀರು. ಓಆರ್‌ಎಸ್, ಅಂದರೆ ಉಪ್ಪು ಸಕ್ಕರೆ ಎರಡೂ ಲೆಕ್ಕದಲ್ಲಿ ಸೇರಿರುವ ಪುಡಿ, ಬೇರೆ. ದೊಡ್ಡ ಪೊಟ್ಟಣ ಒಂದು ಪೂರ್ತಿ ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಅಷ್ಟನ್ನೂ ಸುರಿದರೆ ದ್ರಾವಣ ಗಟ್ಟಿಯಾಗಿ, ಕುಡಿದರೆ ವಾಂತಿ ಬರಬಹುದು. ಮನೆಯಲ್ಲೇ ಲೀಟರಿಗೆ ಕಲೆಸಿ ಬಾಟಲಿಗೆ ತುಂಬಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಟೆಟ್ರಾ ಪ್ಯಾಕ್ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ, ಅಂಥವುಗಳಲ್ಲಿ ಸಕ್ಕರೆ ಜಾಸ್ತಿ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ನಡುವೆ ನೀರು ಕುಡಿದರೆ ದಮ್ಮು ಹಿಡಿಯುತ್ತೆ ಅನ್ನುವುದು ಸುಳ್ಳು, ಹಾಗಂತ ಬಾಯಾರಿಕೆ ಇಲ್ಲದೆ ಲೀಟರುಗಟ್ಟಲೆ ಬರೀ ನೀರು ಕುಡಿಯುವುದೂ ಒಳ್ಳೆಯದಲ್ಲ, ರಕ್ತದ ಉಪ್ಪಿನಂಶ ತೆಳುವಾಗುತ್ತೆ. ಇನ್ನೊಂದು, ಮೊಣಕಾಲು ನೋವಿಗೆ ಅಂತ ಹೊರಡುವ ಮುಂಚೆ ನೋವಿನ ಗುಳಿಗೆ ನುಂಗುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ನಿಲ್ಲಿಸಿ. ನೀರು ಕಮ್ಮಿಯಾದ ಮೈಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬಿದ್ದರೆ ಕಿಡ್ನಿಗೆ ಏಟು. ಬಿಪಿ ಇರುವವರಿಗಂತೂ ಇನ್ನೂ ಅಪಾಯ.

"ನಾವು ಇಲ್ಲೇ ಹುಟ್ಟಿ ಬೆಳೆದವರು, ಬಿಸಿಲು ನಮಗೇನೂ ಮಾಡಂಗಿಲ್ಲ" ಅನ್ನುವ ಮಾತು ಕ್ಲಿನಿಕ್ಕಿನಲ್ಲಿ ಪ್ರತಿ ಬೇಸಿಗೆ ಕೇಳುತ್ತೇನೆ. ಮೈ ಬಿಸಿಲಿಗೆ ಒಗ್ಗೋದು ನಿಜ, ದಿನಾ ಸ್ವಲ್ಪ ಸ್ವಲ್ಪ ಬಿಸಿಲಲ್ಲಿ ದುಡಿದರೆ ಒಂದೆರಡು ವಾರ ಹಿಡಿಯುತ್ತೆ. ಬಿಟ್ಟರೆ ಕೆಲವೇ ವಾರದಲ್ಲಿ ಹೋಗಿಬಿಡುತ್ತೆ. ತೊಗರಿ ಹೊಲದಲ್ಲಿ ಕೆಲಸ ಮಾಡುವವರಿಗೆ ಇರುವ ಒಗ್ಗುವಿಕೆ, ವಾರವಿಡೀ ಎಸಿ ಕೆಳಗೆ ಕೂತು ಭಾನುವಾರ ಮಾತ್ರ ಹೊರಬರುವವರಿಗೆ ಊರಿನ ಹೆಸರಿಂದ ಸಿಗೋದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಕುರ್ಚಿ ಮೇಲೆ ಕೂರುವವರಿಗೇ ಹಾಗಿದ್ದರೆ, ಆರೂವರೆಗೆ ಹೊರಟು ಹತ್ತೂವರೆಗೆ ಕಮಲಾಪುರದಿಂದ ಬರುವುದು ಯಾವ ಲೆಕ್ಕ? ಬೇಸಿಗೆಯಲ್ಲಿ ಎಂಟಕ್ಕೆ ಮನೆಯಲ್ಲಿರುವಂತೆ ಲೆಕ್ಕ ಹಾಕಿ. ಊರಿನ ಹೆಸರು ಇಟ್ಟುಕೊಂಡು ಹೋಗಬೇಡಿ, ಗಡಿಯಾರ ಇಟ್ಟುಕೊಂಡು ಹೋಗಿ. ಆರೂಮುಕ್ಕಾಲು ಆಯಿತಾ, ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಇದಕ್ಕೂ ಒಂದು ತೊಡಕಿದೆ. ಸೂರ್ಯ ಹುಟ್ಟುವುದೇ ಆರರ ಹೊತ್ತಿಗೆ, ಹಾಗಾಗಿ ಕತ್ತಲಲ್ಲೇ ಹೊರಡಬೇಕು. ಆಗ ಸಿಮೆಂಟ್ ಲಾರಿಗಳು, ನಾಯಿಗಳು ಎರಡೂ ಇರುತ್ತವೆ. ಹಿಂದೆ ಮಿನುಗುವ ಕೆಂಪು ಲೈಟು, ಮುಂದೆ ಬಿಳಿ ಲೈಟು ಇಲ್ಲದವರನ್ನು ಕರೆದುಕೊಂಡು ಹೋಗಬೇಡಿ, ಎಷ್ಟೇ ಬೇಕಾದವರಾಗಿರಲಿ. ಕಾಕಾ ಮತ್ತೆ ಬರುವುದಾದರೆ ವೇಗ ಅವರದ್ದಾಗಲಿ, ಅವರ ಹಿಂದೆ ಒಬ್ಬರು ಇರಲಿ. ನಿಲ್ಲುವ ಮುಂಚೆ ಐದು ನಿಮಿಷ ಹಗುರ ಗೇರಿನಲ್ಲಿ ಸುಮ್ನೆ ಕಾಲಾಡಿಸಿ, ಇಳಿದ ಮೇಲೂ ನಾಲ್ಕು ಹೆಜ್ಜೆ ನಡೆಯಲಿ, ನಿಂತಲ್ಲೇ ನಿಲ್ಲಬಾರದು.

ನಿಮ್ಮ ವಿಷಯಕ್ಕೆ ವಾಪಸ್ ಬಂದರೆ, ಜೋಮು ಈಗ ಒಂದೂವರೆ ದಿನ ಉಳಿಯುತ್ತಿದೆ ಅಂದಿರಿ. ಹಾಗಾಗಿ ಸೀಟು, ಹ್ಯಾಂಡಲ್ ಸರಿಮಾಡಿಸಿ, ಎರಡು ವಾರ ಸೈಕಲ್ ಪೂರ್ತಿ ನಿಲ್ಲಿಸಿ. ಆಮೇಲೆ ಬುದ್ಧವಿಹಾರದ ಕಡೆ ಸಣ್ಣ ಸುತ್ತು ಹಾಕಿ, ಜೋಮು ಬರದಿದ್ದರೆ ನಿಧಾನಕ್ಕೆ ದೂರ ಏರಿಸಿ. ರಾತ್ರಿ ಮೊಣಕೈ ಮಡಚಿ ಕೈಯನ್ನು ತಲೆ ಕೆಳಗಿಟ್ಟು ಮಲಗಬೇಡಿ, ಅದೇ ನರ ಅಲ್ಲೂ ಎಳೆಯುತ್ತೆ. ರೊಟ್ಟಿ ಬಡಿಯುವಾಗ ಎಡಗೈ ಬುಡವನ್ನು ಕೊಣಮಿಗೆಗೆ ಊರಬೇಡಿ, ಆ ಎರಡು ವಾರ ಮನೆಯಲ್ಲಿ ಬೇರೆ ಯಾರಾದರೂ ಬಡಿದರೆ ಇನ್ನೂ ಒಳ್ಳೆಯದು. ನರ ಸುಧಾರಿಸೋದು ನಿಧಾನ. ಸುಮ್ಮನೆ ಒತ್ತಿಕೊಂಡಿದ್ದಕ್ಕೆ ವಾರಗಳು ಸಾಕು. ಒಳಗಿನ ಎಳೆಗೇ ಪೆಟ್ಟಾಗಿದ್ದರೆ ಅದು ದಿನಕ್ಕೆ ಒಂದು ಮಿಲಿಮೀಟರ್ ಆಸುಪಾಸು ಬೆಳೆಯುತ್ತೆ, ಅಂಗೈ ಬುಡದಿಂದ ಬೆರಳ ತುದಿಗೆ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ಆರು ವಾರಕ್ಕೂ ಏನೂ ಬದಲಾಗದಿದ್ದರೆ, ಇಲ್ಲಾ ಹಾಳೆ ಪರೀಕ್ಷೆಯಲ್ಲಿ ಕೈ ಸೋತರೆ, ನರದ ವೇಗ ಅಳೆಯುವ ಪರೀಕ್ಷೆ ಮಾಡಿಸಬೇಕಾಗುತ್ತೆ. ಆಪರೇಷನ್ ತನಕ ಹೋಗುವವರು ಬಹಳ ಕಮ್ಮಿ. ಡಾಕ್ಟರ ಹತ್ತಿರ ಹೋಗುವಾಗ ಗುಳಿಗೆ ಪಟ್ಟಿಯ ಜೊತೆ, ಸೈಕಲ್ ಮೇಲೆ ಹ್ಯಾಂಡಲ್ ಹಿಡಿದು ಕೂತಿರುವ ಒಂದು ಫೋಟೊವನ್ನು ಪಕ್ಕದಿಂದ ತೆಗೆಸಿಕೊಂಡು ಹೋಗಿ, ಸೀಟಿನ ಮೂತಿಯೂ ಮಣಿಕಟ್ಟೂ ಕಾಣುವ ಹಾಗೆ.